ಹೃದಯದ ಚಿಕಿತ್ಸೆಯೂ ಗಂಡಾಂತರದ ಲೆಕ್ಕವೂ

ರಾಮದುರ್ಗ ತಾಲೂಕಿನ ಸುರೇಬಾನದಂಥ ಊರಿನಿಂದ ಎದೆನೋವಿನ ರೋಗಿಯೊಬ್ಬನನ್ನು ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಒಯ್ದರೆ, ಅಲ್ಲಿ ಮನೆಯವರ ಕೈಗೆ ಒಂದು ಕಾಗದ ಬರುತ್ತದೆ. ಅದಕ್ಕೆ ಒಪ್ಪಿಗೆ ಪತ್ರವೆಂದು ಹೆಸರು. ಚಿಕಿತ್ಸೆಯ ಕಾಲದಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳು ಕೆಡಬಹುದು, ಪಾರ್ಶ್ವವಾಯು ಬಡಿಯಬಹುದು, ಪ್ರಾಣವೇ ಹೋಗಬಹುದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಕೆಳಗೆ ಸಹಿಗೆ ಸ್ಥಳವಿರುತ್ತದೆ. ಸಾಮಾನ್ಯವಾಗಿ ನಲವತ್ತು ವರುಷದವರಿಗೂ ಎಂಬತ್ತು ವರುಷದವರಿಗೂ ಅದೇ ಕಾಗದ, ಅದೇ ಮಾತು. ಆಗಬಹುದೆಂಬುದೇನೋ ನಿಜ, ಎಷ್ಟರ ಮಟ್ಟಿಗೆ ಆಗಬಹುದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಸಾವಿರಕ್ಕೊಬ್ಬರಿಗೆ ಒದಗುವ ವಿಪತ್ತೂ ಇಬ್ಬರಲ್ಲೊಬ್ಬರಿಗೆ ಒದಗುವ ವಿಪತ್ತೂ ‘ಆಗಬಹುದು’ ಎಂಬ ಒಂದೇ ಶಬ್ದದಲ್ಲಿ ಅಡಗಿಬಿಡುತ್ತವೆ. ಈ ಎರಡರ ನಡುವಣ ಅಂತರವನ್ನು ವಿಜ್ಞಾನವು ಇಂದು ಬಹುಮಟ್ಟಿಗೆ ಅಳೆಯಬಲ್ಲದು. ಅಳೆದುದನ್ನು ರೋಗಿಗೆ ಅವನ ಭಾಷೆಯಲ್ಲಿ, ಅಂಕೆಗಳಲ್ಲಿ, ಸಹಿಗೆ ಮೊದಲು ತಿಳಿಸತಕ್ಕದ್ದು. ಅಳೆಯುವ ಕೆಲಸವೂ ದೊಡ್ಡ ದವಾಖಾನೆಯ ಬಾಗಿಲಲ್ಲಿ ಅಲ್ಲ, ಊರಿನಲ್ಲಿಯೇ ಆರಂಭವಾಗತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಕಾಲೇಜಿನ ತರುಣರಿಗೆ ಇದನ್ನು ಹೇಳುವುದಕ್ಕೆ ಕಾರಣವಿದೆ. ಆ ಕಾಗದ ಮನೆಯಲ್ಲಿ ಓದುಬರಹ ಬಲ್ಲ ಮಗನ ಇಲ್ಲವೆ ಮಗಳ ಕೈಗೇ ಬರುವುದು ಹೆಚ್ಚು.

ಮೊದಲು ಚಿಕಿತ್ಸೆಯ ಸ್ವರೂಪವನ್ನು ನೋಡೋಣ. ಹೃದಯವು ಇಡೀ ಶರೀರಕ್ಕೆ ರಕ್ತವನ್ನು ನೂಕುವ ಪಂಪು. ಆದರೆ ತನ್ನ ಸ್ನಾಯುವಿಗೆ ಬೇಕಾದ ರಕ್ತವನ್ನು ತನ್ನೊಳಗಿನ ಕೋಣೆಗಳಿಂದ ಅದು ಹೀರಿಕೊಳ್ಳಲಾರದು. ಮಹಾಧಮನಿಯ ಬುಡದಲ್ಲಿ ಹುಟ್ಟಿ, ಹೃದಯದ ಮೇಲ್ಮೈಯನ್ನು ಕಿರೀಟದಂತೆ ಬಳಸಿಕೊಂಡಿರುವ ಎರಡು ಧಮನಿಗಳೂ ಅವುಗಳ ಕವಲುಗಳೂ ಅದಕ್ಕೆ ರಕ್ತವನ್ನುಣಿಸುತ್ತವೆ. ವಯಸ್ಸಾದಂತೆ, ಅದರಲ್ಲಿಯೂ ತಂಬಾಕು, ಸಕ್ಕರೆ ಬೇನೆ, ರಕ್ತದ ಒತ್ತಡ, ಕೊಬ್ಬು ಇವುಗಳ ದೆಸೆಯಿಂದ, ಈ ಕಿರೀಟಧಮನಿಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಮಲಪ್ರಭೆಯ ಕಾಲುವೆಗಳಲ್ಲಿ ಹೂಳು ತುಂಬುವುದನ್ನು ಕಂಡವರಿಗೆ ಈ ಹೋಲಿಕೆ ಕೂಡಲೆ ಹೊಳೆಯುತ್ತದೆ. ಆದರೆ ಹೋಲಿಕೆ ಅರ್ಧ ಮಾತ್ರ ಸರಿ. ಹೂಳು ನೀರಿನ ದಾರಿಯಲ್ಲಿ ಕೂಡುತ್ತದೆ. ಕೊಬ್ಬು ಧಮನಿಯ ಗೋಡೆಯ ಒಳಗೆ, ತೆಳುವಾದ ಪೊರೆಯ ಕೆಳಗೆ ಕೂಡುತ್ತದೆ. ಆ ಪೊರೆ ಒಂದು ದಿನ ಹರಿದರೆ, ಹರಿದ ಜಾಗದ ಮೇಲೆ ರಕ್ತ ಹೆಪ್ಪುಗಟ್ಟಿ, ನಿನ್ನೆಯವರೆಗೆ ಅರ್ಧ ತೆರೆದಿದ್ದ ದಾರಿ ಕೆಲವು ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು. ಹೃದಯಾಘಾತವೆಂದರೆ ಬಹುತೇಕ ಇದೇ. ಕಿರಿದಾದ ದಾರಿ ಬೇರೆ, ಹರಿದು ಮುಚ್ಚಿಹೋದ ದಾರಿ ಬೇರೆ ಎಂಬ ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಇದನ್ನೇ ಅವಲಂಬಿಸಿದೆ.

ಆಂಜಿಯೋಪ್ಲಾಸ್ಟಿಯಲ್ಲಿ ಮಣಿಕಟ್ಟಿನ ಅಥವಾ ತೊಡೆಸಂದಿನ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಕ್ಷ-ಕಿರಣಕ್ಕೆ ಕಾಣಿಸುವ ಅಯೊಡೀನಿನ ದ್ರವವನ್ನು (ದವಾಖಾನೆಯಲ್ಲಿ ಎಲ್ಲರೂ ಇದನ್ನು ‘ಡೈ’ ಎನ್ನುತ್ತಾರೆ) ಕಿರೀಟಧಮನಿಗೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಇಕ್ಕಟ್ಟಾದ ಕಡೆಯಲ್ಲಿ ಪುಟ್ಟ ಬಲೂನನ್ನು ಉಬ್ಬಿಸಿ ದಾರಿಯನ್ನು ಅಗಲಿಸಿ, ಅದು ಮತ್ತೆ ಕುಸಿಯದಂತೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ನಿಲ್ಲಿಸುತ್ತಾರೆ. ಎದೆಯನ್ನು ಸೀಳುವುದಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾನೆ.

ಈ ವಿದ್ಯೆಯನ್ನು ಹೃದಯದಲ್ಲಿ ಮೊದಲು ಪ್ರಯೋಗಿಸಿದವನು ಆಂಡ್ರಿಯಾಸ್ ಗ್ರುಂಟ್ಸಿಗ್. ಊರು ಸ್ವಿಟ್ಜರ್ಲೆಂಡಿನ ಜೂರಿಕ್, ದಿನ ೧೯೭೭ರ ಸೆಪ್ಟೆಂಬರ್ ೧೬. ತನ್ನ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಬಲೂನು ನಳಿಕೆಗಳನ್ನು ಮಾಡಿದ ಆ ವೈದ್ಯನ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ. ನಮಗೆ ಹೆಚ್ಚು ಮೆಚ್ಚಿಕೆಯಾಗುವುದು ಅವನ ಸಾಹಸವಲ್ಲ, ಅವನ ಎಚ್ಚರ. ಮೊದಲ ರೋಗಿಯಾಗಿ ಅವನು ಆರಿಸಿಕೊಂಡದ್ದು ೩೮ ವರುಷದ ಪುರುಷನನ್ನು; ಒಂದೇ ಧಮನಿಯಲ್ಲಿ, ಒಂದೇ ಕಡೆ, ಚಿಕ್ಕದಾದ ಇಕ್ಕಟ್ಟು. ಬಲೂನು ಕೈಕೊಟ್ಟರೆ ಕೂಡಲೆ ಎದೆ ತೆರೆಯುವುದಕ್ಕೆ ಶಸ್ತ್ರವೈದ್ಯರ ತಂಡವೂ ಸಿದ್ಧವಿತ್ತು. ಯಾರಿಗೆ ಮಾಡಬೇಕು, ಯಾರಿಗೆ ಕೂಡದು ಎಂಬ ವಿವೇಚನೆ ಈ ಚಿಕಿತ್ಸೆಗೆ ಅನಂತರ ಅಂಟಿಸಿದ ಬಾಲವಲ್ಲ, ಚಿಕಿತ್ಸೆಯೊಡನೆಯೇ ಹುಟ್ಟಿದ್ದು. ಕಳೆದ ಅರ್ಧ ಶತಮಾನದಲ್ಲಿ ಸಾಧನಗಳು ಬೆಳೆದು ಚಿಕಿತ್ಸೆ ಸುಲಭವಾದಂತೆ, ಆ ವಿವೇಚನೆ ಕೆಲವು ಕಡೆ ಸಡಿಲವಾಗುತ್ತ ಬಂದಿದೆ. ಸುಲಭವಾದುದನ್ನು ಎಲ್ಲರಿಗೂ ಮಾಡಿಬಿಡೋಣವೆಂಬ ಆತುರ ಮನುಷ್ಯಸಹಜವೇ ಸರಿ.

ಈಗ ಸುರೇಬಾನದಲ್ಲಿ ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ೬೮ ವರುಷದ ನಿವೃತ್ತ ಶಿಕ್ಷಕರು. ಶಬರಿಕೊಳ್ಳದ ಕಡೆಗೆ ನಡೆದು ಹೋಗುವಾಗ ಏರು ಬಂದರೆ ಅವರ ಎದೆ ಬಿಗಿಯುತ್ತದೆ. ನಿಂತರೆ ಎರಡು ಮೂರು ನಿಮಿಷಗಳಲ್ಲಿ ಸಡಿಲುತ್ತದೆ. ಆರು ತಿಂಗಳಿಂದ ಹೆಚ್ಚಿಲ್ಲ, ಕಡಿಮೆಯಿಲ್ಲ. ಇನ್ನೊಬ್ಬರು ೪೭ ವರುಷದ ನೇಕಾರರು. ನಸುಕಿನಲ್ಲಿ ಮಗ್ಗಕ್ಕೆ ಕುಳಿತಾಗ ಎದೆಯ ನಡುವೆ ಕಲ್ಲು ಹೇರಿದಂಥ ನೋವು ಎದ್ದಿತು. ಮೈಯೆಲ್ಲ ತಣ್ಣನೆಯ ಬೆವರು. ದವಾಖಾನೆಗೆ ತಲಪುವ ಹೊತ್ತಿಗೆ ನಾಡಿ ಕ್ಷೀಣ, ರಕ್ತದ ಒತ್ತಡ ತೀರ ಕೆಳಗೆ. ಇಬ್ಬರಿಗೂ ಬೇನೆ ಕಿರೀಟಧಮನಿಯದೇ. ಇಬ್ಬರಿಗೂ ಆಂಜಿಯೋಪ್ಲಾಸ್ಟಿಯ ಮಾತೇ ಬರುತ್ತದೆ. ಆದರೆ ಲೆಕ್ಕ ಎಷ್ಟು ಬೇರೆ!

ಶಿಕ್ಷಕರಂಥವರಿಗೆ, ಬೇರೆ ಅಂಗಗಳು ಗಟ್ಟಿಯಾಗಿದ್ದರೆ, ಮೊದಲೇ ನಿಶ್ಚಯಿಸಿ ಮಾಡುವ ಆಂಜಿಯೋಪ್ಲಾಸ್ಟಿಯಲ್ಲಿ ಸಾವಿನ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ನೇಕಾರರ ಸ್ಥಿತಿಯಲ್ಲಿ, ಅಂದರೆ ಹೃದಯವು ರಕ್ತವನ್ನು ನೂಕಲಾರದೆ ಕುಸಿದಿರುವಾಗ, ಒಳ್ಳೆಯ ಚಿಕಿತ್ಸೆ ದೊರೆತರೂ ಅರ್ಧದ ಸಮೀಪಕ್ಕೆ ರೋಗಿಗಳು ಉಳಿಯುವುದಿಲ್ಲ. ಇಷ್ಟನ್ನು ಕೇಳಿದವರು, ಹಾಗಾದರೆ ಶಿಕ್ಷಕರಿಗೆ ಮಾಡಬೇಕು, ನೇಕಾರರಿಗೆ ಮಾಡಬಾರದು ಎಂದು ತೀರ್ಮಾನಿಸಿಯಾರು. ತಪ್ಪುವುದು ಇಲ್ಲಿಯೇ. ಗಂಡಾಂತರದ ಲೆಕ್ಕದಲ್ಲಿ ಎರಡು ಪ್ರಶ್ನೆಗಳಿವೆ. ಚಿಕಿತ್ಸೆ ಮಾಡಿದರೆ ಏನಾದೀತು ಎಂಬುದೊಂದು; ಮಾಡದಿದ್ದರೆ ಏನಾದೀತು ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಹೇಳುವ ಲೆಕ್ಕ ಒಂದೇ ತಟ್ಟೆಯ ತಕ್ಕಡಿ.

ಎರಡನೆಯ ತಟ್ಟೆಯಲ್ಲಿ ಏನಿದೆ ಎಂಬುದಕ್ಕೆ ಪ್ರಯೋಗಗಳಿವೆ. ೧೯೯೯ರಲ್ಲಿ ಪ್ರಕಟವಾದ ‘ಶಾಕ್’ ಎಂಬ ಪ್ರಯೋಗದಲ್ಲಿ, ಹೃದಯಾಘಾತದಿಂದ ಕುಸಿದುಹೋದ ೩೦೨ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಡಮಾಡದೆ ಬಲೂನಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಧಮನಿಯ ದಾರಿ ತೆರೆದರು. ಇನ್ನೊಂದು ಗುಂಪಿಗೆ ಮೊದಲು ಔಷಧೋಪಚಾರ ನಡೆಸಿದರು. ಆರು ತಿಂಗಳಾಗುವಷ್ಟರಲ್ಲಿ ಎರಡನೆಯ ಗುಂಪಿನಲ್ಲಿ ನೂರಕ್ಕೆ ೬೩ ಮಂದಿ ತೀರಿಹೋಗಿದ್ದರು. ಮೊದಲನೆಯದರಲ್ಲಿ ೫೦ ಮಂದಿ. ಐವತ್ತು ಎಂಬುದು ಭಯಂಕರವಾದ ಸಂಖ್ಯೆ. ಆದರೂ ನೂರರಲ್ಲಿ ಹದಿಮೂರು ಜೀವಗಳು ಉಳಿದುವು. ಇನ್ನು ಶಿಕ್ಷಕರಂತೆ ಸ್ಥಿರವಾದ ಎದೆನೋವಿನ ೨,೨೮೭ ಮಂದಿಯ ಮೇಲೆ ನಡೆದ ‘ಕರೇಜ್’ ಪ್ರಯೋಗ ೨೦೦೭ರಲ್ಲಿ ಪ್ರಕಟವಾಯಿತು. ಒಳ್ಳೆಯ ಔಷಧೋಪಚಾರವನ್ನಷ್ಟೇ ಪಡೆದವರಲ್ಲಿ ಸುಮಾರು ನಾಲ್ಕೂವರೆ ವರುಷಗಳಲ್ಲಿ ಸಾವು ಅಥವಾ ಹೃದಯಾಘಾತ ಒದಗಿದ್ದು ನೂರಕ್ಕೆ ೧೮.೫ ಮಂದಿಗೆ, ಅದರ ಜೊತೆಗೆ ಆಂಜಿಯೋಪ್ಲಾಸ್ಟಿಯನ್ನೂ ಮಾಡಿಸಿಕೊಂಡವರಲ್ಲಿ ೧೯ ಮಂದಿಗೆ. ಭೇದವಿಲ್ಲವೆಂದೇ ಇದರ ಅರ್ಥ. ೨೦೨೦ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ಇನ್ನೂ ದೊಡ್ಡ ಪ್ರಯೋಗವು ಇದನ್ನೇ ಪುಷ್ಟೀಕರಿಸಿತು. ಅದರಲ್ಲಿ ಭಾರತದ ರೋಗಿಗಳೂ ಇದ್ದರು.

ಅತಿ ಹೆಚ್ಚಿನ ಅಪಾಯದಲ್ಲಿರುವವನಿಗೇ ಚಿಕಿತ್ಸೆಯಿಂದ ಅತಿ ಹೆಚ್ಚಿನ ಲಾಭ. ಅತಿ ಕಡಿಮೆ ಅಪಾಯದವನಿಗೆ ಆಯುಸ್ಸಿನ ದೃಷ್ಟಿಯಿಂದ ಲಾಭ ಅತ್ಯಲ್ಪ. ಇದು ವಿಚಿತ್ರವಾಗಿ ತೋರಬಹುದು. ಆದರೆ ಹಿಂದೆ ಹೇಳಿದ ಹೂಳಿನ ಹೋಲಿಕೆಯನ್ನು ನೆನೆದರೆ ಕಾರಣ ತಾನೇ ತಿಳಿಯುತ್ತದೆ. ನೇಕಾರರ ಧಮನಿ ಮುಚ್ಚಿಹೋಗಿದೆ; ಅದನ್ನು ತೆರೆದರೆ ಸಾಯುತ್ತಿರುವ ಸ್ನಾಯು ಉಳಿಯುತ್ತದೆ. ಶಿಕ್ಷಕರ ಧಮನಿ ಕಿರಿದಾಗಿದೆ ಅಷ್ಟೆ. ಅದನ್ನು ಅಗಲಿಸಿದರೆ ಏರಿನಲ್ಲಿ ನೋವು ಕಡಿಮೆಯಾಗುತ್ತದೆ, ಅದು ನಿಜವಾದ ಲಾಭವೇ. ಆದರೆ ನಾಳೆ ಹರಿಯಬಹುದಾದ ಪೊರೆ ಅದೇ ಇಕ್ಕಟ್ಟಿನಲ್ಲಿ ಇರಬೇಕೆಂದಿಲ್ಲ. ಇನ್ನೆಲ್ಲಿಯೋ, ಚಿತ್ರದಲ್ಲಿ ಎದ್ದು ಕಾಣದ ಜಾಗದಲ್ಲಿ ಇದ್ದೀತು. ಅದನ್ನು ಕಾಯುವುದು ಮಾತ್ರೆ, ಪಥ್ಯ, ನಡಿಗೆ ಮತ್ತು ತಂಬಾಕಿನ ತ್ಯಾಗ. ಆದುದರಿಂದ ಶಿಕ್ಷಕರಿಗೆ ಸಮಯವಿದೆ. ಅವರು ಮನೆಗೆ ಬಂದು, ಯೋಚಿಸಿ, ಮಾತ್ರೆಗಳನ್ನು ಕೆಲವು ವಾರ ನೋಡಿ, ನೋವು ಬದುಕನ್ನು ಕಟ್ಟಿಹಾಕುತ್ತಿದೆಯೆ ಎಂದು ತಾವೇ ಅಳೆದು ನಿರ್ಧರಿಸಬಹುದು. (ಎಡಗಡೆಯ ಮೂಲಧಮನಿಯಲ್ಲಿಯೇ ಇಕ್ಕಟ್ಟಿದ್ದರೆ ಈ ಮಾತು ಸಲ್ಲದು, ‘ಇಸ್ಕೀಮಿಯಾ’ ಪ್ರಯೋಗದಲ್ಲಿಯೂ ಅಂಥವರನ್ನು ಬಿಟ್ಟಿದ್ದರು.) ನೇಕಾರರಿಗಾದರೋ ಸಮಯವೆಂಬುದೇ ಇಲ್ಲ. ಈ ಇಬ್ಬರ ಮನೆಯವರಿಗೂ ಒಂದೇ ಧ್ವನಿಯಲ್ಲಿ, ಒಂದೇ ಅವಸರದಲ್ಲಿ ‘ಈಗಲೇ ಸಹಿ ಮಾಡಿ’ ಎನ್ನುವುದು ಶಾಸ್ತ್ರಸಮ್ಮತವಲ್ಲ.

ಹಾಗಾದರೆ ಒಬ್ಬೊಬ್ಬನ ಅಪಾಯವನ್ನು ಅಳೆಯುವ ಬಗೆ ಯಾವುದು? ಸಾವಿರಾರು ರೋಗಿಗಳ ದಾಖಲೆಗಳನ್ನು ಕೂಡಿಹಾಕಿ, ತೀರಿಹೋದವರಿಗೂ ಉಳಿದವರಿಗೂ ಚಿಕಿತ್ಸೆಗೆ ಮುಂಚೆಯೇ ಇದ್ದ ವ್ಯತ್ಯಾಸಗಳಾವುವು ಎಂದು ಗಣಿತದಿಂದ ಹುಡುಕುತ್ತಾರೆ. ಅಮೆರಿಕದ ಮೇಯೋ ಚಿಕಿತ್ಸಾಲಯದವರು ಹೀಗೆ ಹುಡುಕಿ ಕಟ್ಟಿದ ಅಂಕಪದ್ಧತಿಯೊಂದರಲ್ಲಿ ಇರುವುವು ಏಳೇ ಸಂಗತಿಗಳು: ವಯಸ್ಸು, ರಕ್ತದಲ್ಲಿಯ ಕ್ರಿಯಾಟಿನಿನ್, ಹೃದಯದ ಎಡಕೋಣೆಯ ನೂಕುಶಕ್ತಿ, ಇತ್ತೀಚಿನ ಹೃದಯಾಘಾತ, ಹೃದಯ ಕುಸಿದ ಸ್ಥಿತಿ, ಹೃದಯ ಸೋತು ಶರೀರದಲ್ಲಿ ನೀರು ತುಂಬಿರುವುದು, ಕೈಕಾಲುಗಳ ಧಮನಿರೋಗ. ವಾಚಕರು ಇದನ್ನು ಇನ್ನೊಮ್ಮೆ ಓದಿ ನೋಡಬೇಕು. ಇವುಗಳಲ್ಲಿ ಒಂದಕ್ಕಾದರೂ ಕಿರೀಟಧಮನಿಯ ಚಿತ್ರ ಬೇಕಿಲ್ಲ! ಇಕ್ಕಟ್ಟು ನೂರಕ್ಕೆ ಎಪ್ಪತ್ತೋ ತೊಂಬತ್ತೋ ಎಂಬ ಒಂದೇ ಅಂಕೆಯನ್ನು ಮನೆಯವರು ಮಂತ್ರದಂತೆ ಜಪಿಸುತ್ತಿರುತ್ತಾರೆ. ಪ್ರಾಣದ ಲೆಕ್ಕ ಬಹುಪಾಲು ಉಳಿದ ಶರೀರದಲ್ಲಿದೆ.

ಕ್ರಿಯಾಟಿನಿನ್ ಎಂಬುದನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಗಣಿತದ ವಿದ್ಯಾರ್ಥಿಗಳಿಗೆ ಇದರಲ್ಲಿ ಸ್ವಾರಸ್ಯವಿದೆ. ಇದು ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡಗಳ ಮೂಲಕ ಹೊರಹೋಗುವ ವಸ್ತು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಆದರೆ ಸ್ನಾಯುವೇ ಕಡಿಮೆಯಿದ್ದರೆ ಹುಟ್ಟುವುದೂ ಕಡಿಮೆ. ರಕ್ತಪರೀಕ್ಷೆಯ ಚೀಟಿಯಲ್ಲಿ ೧.೨ ಎಂಬ ಅಂಕೆ ಬಂದಿತೆನ್ನಿ. ಮೂವತ್ತು ವರುಷದ ತರುಣನಲ್ಲಿ ಅದಕ್ಕೆ ಸಮನಾದ ಮೂತ್ರಪಿಂಡದ ಸೋಸುಶಕ್ತಿ, ಇಂದು ಬಳಕೆಯಲ್ಲಿರುವ ಸೂತ್ರದಂತೆ, ನಿಮಿಷಕ್ಕೆ ಸುಮಾರು ೮೩ ಮಿಲಿಲೀಟರ್. ಎಪ್ಪತ್ತೈದು ವರುಷದ ಅಜ್ಜಿಯಲ್ಲಿ ಸುಮಾರು ೪೭. ಅಂಕೆ ಒಂದೇ, ಅರ್ಥ ಎರಡು. ಆಂಜಿಯೋಪ್ಲಾಸ್ಟಿಯಲ್ಲಿ ಬಿಡುವ ಡೈ ಮೂತ್ರಪಿಂಡಗಳ ಮೂಲಕವೇ ಹೊರಗೆ ಹೋಗಬೇಕು. ಚೀಟಿಯಲ್ಲಿ ‘ಸರಿಯಾಗಿದೆ’ ಎಂದು ಕಂಡ ಅಜ್ಜಿಯ ಮೂತ್ರಪಿಂಡಗಳು ಅದರ ಭಾರಕ್ಕೆ ಕುಸಿಯಬಹುದು. ಇದನ್ನು ಮೊದಲೇ ಅರಿತ ವೈದ್ಯನು ಶರೀರದಲ್ಲಿ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾನೆ, ಡೈಯನ್ನು ಹಿಡಿದು ಬಳಸುತ್ತಾನೆ, ಬೆನ್ನುನೋವಿಗೆಂದು ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸುತ್ತಾನೆ. ಹೊಲದಲ್ಲಿ ಬಗ್ಗಿ ದುಡಿಯುವವರಲ್ಲಿಯೂ ಮಗ್ಗದ ಮುಂದೆ ದಿನವಿಡೀ ಕೂಡುವವರಲ್ಲಿಯೂ ಈ ನೋವಿನ ಮಾತ್ರೆಗಳ ಬಳಕೆ ಎಷ್ಟಿದೆಯೆಂಬುದನ್ನು ಊರಿನ ಔಷಧದ ಅಂಗಡಿಯವರು ಚೆನ್ನಾಗಿ ಬಲ್ಲರು. ಮೂತ್ರಪಿಂಡಗಳಿಗೆ ಅವು ಹಿತವಲ್ಲ.

ರಕ್ತಸ್ರಾವದ ಲೆಕ್ಕವೂ ಹೀಗೆಯೇ. ಸ್ಟೆಂಟ್ ಇಟ್ಟ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಹಲವು ತಿಂಗಳು, ಹೃದಯಾಘಾತವಾದವರು ಸಾಮಾನ್ಯವಾಗಿ ಒಂದು ವರುಷ, ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹೊಸ ಆಘಾತವಾಗಬಹುದು. ನುಂಗಿದರೆ, ಹೊಟ್ಟೆಯಲ್ಲಿ ಹುಣ್ಣಿರುವವರಿಗೆ ರಕ್ತ ಸೋರಬಹುದು. ಹಿಮೋಗ್ಲೋಬಿನ್ ಹನ್ನೊಂದು ಗ್ರಾಮಿಗಿಂತ ಕಡಿಮೆಯಿರುವವರನ್ನು ರಕ್ತಸ್ರಾವದ ಅಪಾಯ ಹೆಚ್ಚಿರುವವರೆಂದು ೨೦೧೯ರಲ್ಲಿ ಅಂತರರಾಷ್ಟ್ರೀಯ ತಜ್ಞರು ಗೊತ್ತುಮಾಡಿದರು. ರಕ್ತಹೀನತೆ ನಮ್ಮಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಎಷ್ಟು ಸಾಮಾನ್ಯವೆಂಬುದನ್ನು ಹೇಳಬೇಕಾಗಿಲ್ಲ. ಈ ಅಪಾಯವನ್ನು ಮೊದಲೇ ಕಂಡುಕೊಂಡರೆ ತೊಡೆಯ ಬದಲು ಮಣಿಕಟ್ಟಿನ ಧಮನಿಯಿಂದ ಹೋಗಬಹುದು, ಮಾತ್ರೆಯ ಅವಧಿಯನ್ನು ಮೊಟಕುಗೊಳಿಸಬಹುದು. ಇನ್ನೊಂದು ಸಂಗತಿ ಯಾವ ಅಂಕಪದ್ಧತಿಯಲ್ಲಿಯೂ ಇಲ್ಲ; ಈ ರೋಗಿ ಒಂದು ವರುಷ ಪ್ರತಿ ತಿಂಗಳೂ ಆ ಮಾತ್ರೆಗಳನ್ನು ಕೊಳ್ಳಬಲ್ಲನೆ? ಸ್ಟೆಂಟಿನ ಬೆಲೆಗೆ ಭಾರತ ಸರಕಾರವು ೨೦೧೭ರ ಫೆಬ್ರವರಿಯಲ್ಲಿ ಮಿತಿ ಹಾಕಿ, ಔಷಧಲೇಪಿತ ಸ್ಟೆಂಟಿಗೆ ೨೯,೬೦೦ ರೂಪಾಯಿ ಎಂದು ಗೊತ್ತುಮಾಡಿದ್ದು ದೊಡ್ಡ ಉಪಕಾರ. ಆದರೆ ಚಿಕಿತ್ಸೆಯನ್ನು ಸರಕಾರದ ಯೋಜನೆಯಲ್ಲಿ ಪಡೆದವನು ಆರನೆಯ ತಿಂಗಳಿನ ಮಾತ್ರೆಗೆ ಕೈಯಲ್ಲಿ ಕಾಸಿಲ್ಲದೆ ಕುಳಿತರೆ ಆ ಉಪಕಾರ ಅರ್ಧಕ್ಕೆ ನಿಂತಂತೆ. ಇದನ್ನು ಕೇಳಿ ತಿಳಿಯುವುದೂ ಅಪಾಯದ ಅಳತೆಯೇ.

ಧಮನಿಯ ಚಿತ್ರಕ್ಕೂ ತನ್ನ ಲೆಕ್ಕವಿದೆ. ಎಷ್ಟು ಕಡೆ ಇಕ್ಕಟ್ಟು, ಕವಲಿನಲ್ಲಿಯೋ ನೇರದಲ್ಲಿಯೋ, ಸುಣ್ಣ ಕಟ್ಟಿದೆಯೋ ಇಲ್ಲವೋ ಎಂಬುದನ್ನೆಲ್ಲ ಎಣಿಸಿ ಕೊಡುವ ‘ಸಿಂಟ್ಯಾಕ್ಸ್’ ಅಂಕದಲ್ಲಿ ೨೨ರವರೆಗೆ ಕಡಿಮೆ, ೩೩ ಮತ್ತು ಅದರ ಮೇಲೆ ಹೆಚ್ಚು. ೨೦೦೯ರಲ್ಲಿ ಪ್ರಕಟವಾದ ಅದೇ ಹೆಸರಿನ ಪ್ರಯೋಗದಲ್ಲಿ, ಕಡಿಮೆ ಅಂಕದವರಿಗೆ ಸ್ಟೆಂಟೂ ಬೈಪಾಸ್ ಶಸ್ತ್ರಚಿಕಿತ್ಸೆಯೂ ಹೆಚ್ಚುಕಡಿಮೆ ಸಮವಾಗಿ ಫಲಿಸಿದುವು. ಹೆಚ್ಚು ಅಂಕದವರಿಗೆ ಬೈಪಾಸೇ ಮೇಲೆನಿಸಿತು. ಮಧುಮೇಹವುಳ್ಳ, ಹಲವು ಧಮನಿಗಳು ಕೆಟ್ಟ ೧,೯೦೦ ಮಂದಿಯ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ‘ಫ್ರೀಡಂ’ ಪ್ರಯೋಗದಲ್ಲಿ, ಐದು ವರುಷಗಳಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಇವುಗಳಲ್ಲಿ ಯಾವುದಾದರೊಂದು ಒದಗಿದ್ದು ಸ್ಟೆಂಟಿನವರಲ್ಲಿ ನೂರಕ್ಕೆ ೨೬.೬, ಬೈಪಾಸಿನವರಲ್ಲಿ ೧೮.೭. ಪಾರ್ಶ್ವವಾಯುವೊಂದನ್ನೇ ನೋಡಿದರೆ ಮಾತ್ರ ಬೈಪಾಸಿನವರಲ್ಲಿ ಹೆಚ್ಚು. ಮಧುಮೇಹವುಳ್ಳವರಿಗೆ ‘ಎದೆ ಸೀಳದೆ ಮುಗಿಯುತ್ತದೆ’ ಎಂಬ ಸಮಾಧಾನವೊಂದನ್ನೇ ಹೇಳಿ ಈ ಅಂಕೆಗಳನ್ನು ಹೇಳದಿರುವುದು ನ್ಯಾಯವಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗಂಡಾಂತರವನ್ನು ಮೊದಲೇ ಹೇಳುವ ಕೆಲಸ ನಮ್ಮ ಊರುಗಳಲ್ಲಿ ಜೋಯಿಸರದು. ಕುಂಡಲಿ ನೋಡಿ ಹೇಳುವುದಕ್ಕೂ ಅಂಕ ನೋಡಿ ಹೇಳುವುದಕ್ಕೂ ಏನು ಭೇದ? ಭೇದವಿದೆ. ಜೋಯಿಸರ ಮಾತನ್ನು ಯಾರೂ ಲೆಕ್ಕವಿಟ್ಟು ಪರೀಕ್ಷಿಸುವುದಿಲ್ಲ. ವಿಜ್ಞಾನದ ಅಂಕವನ್ನು ಪರೀಕ್ಷಿಸಲೇಬೇಕು. ‘ನೂರಕ್ಕೆ ಎರಡು’ ಎಂದು ಹೇಳಿಸಿಕೊಂಡ ಸಾವಿರ ಮಂದಿಯಲ್ಲಿ ನಿಜವಾಗಿ ಇಪ್ಪತ್ತು ಮಂದಿಯ ಆಸುಪಾಸಿನಲ್ಲಿ ತೀರಿಹೋದರೆ ಅಳತೆಗೋಲು ಸರಿ. ನಲವತ್ತು ಮಂದಿ ತೀರಿಹೋದರೆ ಗೋಲು ತಪ್ಪು, ಅದನ್ನು ತಿದ್ದಬೇಕು. ಆ ಇಪ್ಪತ್ತು ಮಂದಿ ಯಾರು ಎಂದು ಮಾತ್ರ ಅದು ಹೇಳಲಾರದು. ಹೇಳುತ್ತೇನೆಂದು ಹೆಮ್ಮೆಪಡುವುದೂ ಇಲ್ಲ. ಇದೇ ಕಾರಣದಿಂದ ನಾವು ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಗೋಲುಗಳಲ್ಲಿ ಹೆಚ್ಚಿನವು ಅಮೆರಿಕ, ಯೂರೋಪುಗಳ ರೋಗಿಗಳಿಂದ ಕಡೆದುವು. ಸಲೀಂ ಯೂಸುಫರ ನೇತೃತ್ವದಲ್ಲಿ ೫೨ ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಶಿಯದವರಲ್ಲಿ ೫೩, ಉಳಿದವರಲ್ಲಿ ಸುಮಾರು ೫೯ ಎಂದು ಕಂಡುಬಂದಿತು. ನಮ್ಮ ರೋಗಿ ಬೇರೆ. ಅವನು ದವಾಖಾನೆಗೆ ಬರುವ ದಾರಿಯೂ ಬೇರೆ. ಪರರ ಗೋಲನ್ನು ನಮ್ಮ ರೋಗಿಗಳ ಮೇಲೆ ಇಟ್ಟು ನೋಡಿ, ತಿದ್ದಿಕೊಳ್ಳುವುದಕ್ಕೆ ನಮ್ಮದೇ ದಾಖಲೆಗಳು ಬೇಕು. ಆಂಜಿಯೋಪ್ಲಾಸ್ಟಿ ನಡೆಯುವ ಕರ್ನಾಟಕದ ಪ್ರತಿಯೊಂದು ದವಾಖಾನೆಯೂ ರೋಗಿಯ ಮೊದಲ ಸ್ಥಿತಿಯನ್ನೂ ಮೂವತ್ತನೆಯ ದಿನದ ಸ್ಥಿತಿಯನ್ನೂ ಒಂದು ಸಾಮಾನ್ಯ ದಫ್ತರಿಗೆ ಬರೆದು ಕಳಿಸುವಂತಾದರೆ, ಈ ಕೆಲಸ ಕೆಲವೇ ವರುಷಗಳಲ್ಲಿ ಆದೀತು.

ದಫ್ತರಕ್ಕೂ ಒಂದು ಕಾವಲು ಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ೧೯೯೦ರ ದಶಕದಿಂದ ಹೃದಯಚಿಕಿತ್ಸೆಯ ಫಲಿತಾಂಶಗಳನ್ನು ದವಾಖಾನೆ ಮತ್ತು ವೈದ್ಯರ ಹೆಸರಿನೊಡನೆ ಪ್ರಕಟಿಸತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಪ್ರಕಟಿಸುವ ರಾಜ್ಯಗಳಲ್ಲಿ, ಹೃದಯ ಕುಸಿದು ಬಂದ ರೋಗಿಗಳಿಗೆ ಆಂಜಿಯೋಪ್ಲಾಸ್ಟಿ ದೊರೆಯುವುದು ಉಳಿದ ರಾಜ್ಯಗಳಿಗಿಂತ ಕಡಿಮೆಯೆಂದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಾಯುವ ಸಂಭವವುಳ್ಳವನನ್ನು ಮುಟ್ಟಿದರೆ ತನ್ನ ಲೆಕ್ಕ ಕೆಡುತ್ತದೆಂದು ವೈದ್ಯನು ಹಿಂಜರಿದರೆ, ಅಪಾಯದ ಅಂಕವು ರೋಗಿಯನ್ನು ಹೊರಗೆ ನಿಲ್ಲಿಸುವ ದ್ವಾರಪಾಲಕನಾಗಿಬಿಡುತ್ತದೆ. ನಮ್ಮಲ್ಲಿ ಇದರ ಜೊತೆಗೆ ಬಡತನವೂ ಸೇರಿಕೊಂಡಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ಭಾರತದ ೫೦ ನಗರಗಳ ೮೯ ದವಾಖಾನೆಗಳಿಂದ ೨೦,೪೬೮ ಹೃದ್ರೋಗಿಗಳ ವಿವರಗಳನ್ನು ಕಲೆಹಾಕಿ ೨೦೦೮ರಲ್ಲಿ ಪ್ರಕಟಿಸಿದರು. ಮೂವತ್ತು ದಿನಗಳೊಳಗೆ ತೀರಿಹೋದವರು ಶ್ರೀಮಂತರಲ್ಲಿ ನೂರಕ್ಕೆ ೫.೫, ಬಡವರಲ್ಲಿ ೮.೨. ಬಡವರ ಶರೀರವೇ ಹೆಚ್ಚು ಕೆಟ್ಟಿತ್ತೆ? ಅಲ್ಲ. ವಯಸ್ಸು, ಬೇನೆ ಮುಂತಾದುವನ್ನು ಸರಿದೂಗಿಸಿ ನೋಡಿದರೂ ಅಂತರ ಉಳಿಯಿತು. ದೊರೆತ ಚಿಕಿತ್ಸೆಯನ್ನು ಸರಿದೂಗಿಸಿ ನೋಡಿದಾಗ ಅಂತರ ಅಳಿಯಿತು. ಅಪಾಯವಿದ್ದುದು ಅವರ ಧಮನಿಯಲ್ಲಷ್ಟೇ ಅಲ್ಲ, ಅವರಿಗೆ ಸಿಗದ ಚಿಕಿತ್ಸೆಯಲ್ಲಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕೆಯಿದೆ. ನೋವು ಹತ್ತಿದಂದಿನಿಂದ ದವಾಖಾನೆ ಮುಟ್ಟುವವರೆಗೆ ಕಳೆದ ಮಧ್ಯಮ ಕಾಲ ೩೬೦ ನಿಮಿಷ, ಅಂದರೆ ಆರು ತಾಸು. ಮುಚ್ಚಿದ ಧಮನಿಯ ಹಿಂದಿರುವ ಸ್ನಾಯು ತಾಸು ತಾಸಿಗೂ ಸಾಯುತ್ತಿರುತ್ತದೆ. ಸುರೇಬಾನದಿಂದ ಬಲೂನು ಚಿಕಿತ್ಸೆಯ ಯಾವ ನಗರಕ್ಕೆ ಹೊರಟರೂ ಗಾಡಿಯಲ್ಲಿ ಒಂದು ತಾಸಿಗಿಂತ ಹೆಚ್ಚು ಬೇಕು. ಗಾಡಿ ಸಿಗುವ ಹೊತ್ತು ಬೇರೆ. ಆದುದರಿಂದ ನೇಕಾರರಂಥವರ ಮಟ್ಟಿಗೆ ಅಪಾಯವನ್ನು ಅಳೆಯುವ ಮೊದಲ ಸಾಧನ ಗಡಿಯಾರ, ಎರಡನೆಯದು ಇ.ಸಿ.ಜಿ. ಕರ್ನಾಟಕ ಸರಕಾರವು ೨೦೨೩ರ ನವೆಂಬರಿನಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತಕ್ಕೆ ತುತ್ತಾದ ಚಿತ್ರನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಊರ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ತಂತಿಯಿಲ್ಲದೆ ದೊಡ್ಡ ಕೇಂದ್ರಕ್ಕೆ ಕಳಿಸಿ, ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ರೋಗಿಯನ್ನು ಮುಂದಕ್ಕೆ ಸಾಗಿಸುವುದು ಇದರ ಕ್ರಮ. ೨೦೨೫ರಲ್ಲಿ ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಸರಕಾರ ಸಾರಿತು. ಎರಡು ತಾಸಿನೊಳಗೆ ಬಲೂನು ಸಿಗುವಂತಿಲ್ಲದ ಕಡೆ ಇದೇ ಶಾಸ್ತ್ರೋಕ್ತವಾದ ದಾರಿ. ಚುಚ್ಚುಮದ್ದಿಗೂ ಅಪಾಯವುಂಟು, ಇತ್ತೀಚೆಗೆ ಪಾರ್ಶ್ವವಾಯು ಬಡಿದವರಿಗೆ, ಮೈಯಲ್ಲಿ ರಕ್ತ ಸೋರುತ್ತಿರುವವರಿಗೆ ಅದನ್ನು ಕೊಡಕೂಡದು. ಇಲ್ಲಿಯೂ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮನೆಯವರೇ.

೨೦೨೫ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಭಯಕ್ಕೆ ಅಳತೆಯಿಲ್ಲದಿದ್ದಾಗ ಹೀಗಾಗುತ್ತದೆ. ನೋವಿಲ್ಲದ ಇಪ್ಪತ್ತೈದರ ತರುಣನೂ ಸಾಲಿನಲ್ಲಿ. ಏರು ಹತ್ತಿದರೆ ಎದೆ ಹಿಡಿಯುವ ಅರವತ್ತರ ತಾಯಿ ಒಲೆಯ ಮುಂದೆ.

ಅಂಕೆಗಳನ್ನು ಹೇಳಿದರೆ ರೋಗಿ ಹೆದರುತ್ತಾನೆ, ಓದು ಬಾರದವರಿಗೆ ಅದು ತಿಳಿಯದು ಎಂದು ವೈದ್ಯರಲ್ಲಿ ಕೆಲವರು ಹೇಳುವುದುಂಟು. ಆದುದರಿಂದ ‘ಏನೂ ಕಾಳಜಿ ಮಾಡಬ್ಯಾಡ್ರಿ, ಎಲ್ಲಾ ಛಲೋ ಆಗ್ತದ’ ಎನ್ನುತ್ತಾರೆ. ಮನೆಯವರು ‘ನೀವು ಹೆಂಗ ಹೇಳ್ತೀರಿ ಹಂಗ್ರೀ ಸಾಹೇಬ್ರ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸದ್ಭಾವವಿದೆ. ತಿಳಿವಳಿಕೆ ಮಾತ್ರ ಇಲ್ಲ. ಮಳೆಯನ್ನು ನಂಬಿ ಬಿತ್ತುವ ರೈತನಿಗೆ, ನೂಲಿನ ಬೆಲೆ ಏರಿಳಿಯುವುದನ್ನು ನೋಡುತ್ತ ಹಾಸು ಹಾಕುವ ನೇಕಾರನಿಗೆ, ಸಂಭವದ ಲೆಕ್ಕ ಹೊಸದೆ? ‘ನಿಮ್ಮಂಥ ನೂರು ಜನರಿಗೆ ಇದನ್ನು ಮಾಡಿದರೆ ತೊಂಬತ್ತೆಂಟು ಜನ ಮನೆಗೆ ನಡೆದು ಹೋಗುತ್ತಾರೆ, ಇಬ್ಬರು ಹೋಗುವುದಿಲ್ಲ; ಮಾಡದೆ ಮಾತ್ರೆಯಲ್ಲಿಯೇ ನಡೆಸಿದರೆ ಹೀಗೆ’ ಎಂದರೆ ತಿಳಿಯದ ಗೃಹಸ್ಥನು ನಮ್ಮ ನಾಡಿನಲ್ಲಿ ಇರಲಾರನು. ನಮ್ಮ ಸುಪ್ರೀಂ ಕೋರ್ಟು ಕೂಡ ೨೦೦೮ರ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು ಇವುಗಳನ್ನು ಸಾಕಷ್ಟು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆಯೆಂದು ತೀರ್ಪಿತ್ತಿದೆ. ಅಚ್ಚಾದ ಕಾಗದದ ಕೆಳಗೆ ಕೈಬರಹದ ಎರಡು ಸಾಲು ಸಾಕು. ಒಂದು ಮಾಡಿದರೆ, ಒಂದು ಮಾಡದಿದ್ದರೆ. ತುರ್ತಿನ ರೋಗಿಗೆ ಅದನ್ನು ಬಾಯಿಂದ ಒಂದು ನಿಮಿಷದಲ್ಲಿ ಹೇಳಬಹುದು. ಅದಕ್ಕಾಗಿ ಚಿಕಿತ್ಸೆ ಕ್ಷಣವೂ ನಿಲ್ಲಕೂಡದು.

ಇನ್ನು ಊರಿನಲ್ಲಿ ಆಗಬೇಕಾದ ಕೆಲಸ. ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನಿನ್, ರಕ್ತದ ಒತ್ತಡ ಇವುಗಳಿಗೆ ದೊಡ್ಡ ನಗರ ಬೇಕಿಲ್ಲ. ನಲವತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ, ಅವರ ಮಾತ್ರೆಗಳ ಹೆಸರು, ಯಾವ ಔಷಧ ಅವರಿಗೆ ಒಗ್ಗುವುದಿಲ್ಲ, ಎಂದಾದರೂ ಹೊಟ್ಟೆಯಲ್ಲಿ ಹುಣ್ಣಾಗಿತ್ತೆ, ಕಪ್ಪಗೆ ಮಲವಿಸರ್ಜನೆಯಾಗಿತ್ತೆ, ಪಾರ್ಶ್ವವಾಯು ತಗುಲಿತ್ತೆ, ಮುಂದಿನ ತಿಂಗಳುಗಳಲ್ಲಿ ಬೇರೆ ಯಾವುದಾದರೂ ಶಸ್ತ್ರಚಿಕಿತ್ಸೆ ಮಾಡಿಸುವ ವಿಚಾರವಿದೆಯೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಹೈಸ್ಕೂಲಿನ ವಿದ್ಯಾರ್ಥಿಗೂ ಸಾಧ್ಯ. ನೋವು ಹತ್ತಿದಾಗ ಅದು ಆರಂಭವಾದ ಗಳಿಗೆಯನ್ನು ಅದೇ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಹಿಂದೆ ತೆಗೆಸಿದ ಇ.ಸಿ.ಜಿ. ಇದ್ದರೆ ಅದನ್ನೂ ಜೊತೆಗಿಡತಕ್ಕದ್ದು. ಇಂದಿನ ರೇಖೆಯಲ್ಲಿಯ ಬದಲಾವಣೆ ಹೊಸದೋ ಹಳೆಯದೋ ಎಂದು ವೈದ್ಯನು ನಿರ್ಣಯಿಸುವುದು ಹಲವು ಸಾರಿ ಅದನ್ನು ನೋಡಿಯೇ. ಆ ಕಾಗದ ಶಾಖದಿಂದ ಬರೆ ಮೂಡುವ ಬಗೆಯದಾದ್ದರಿಂದ ಕೆಲವು ವರುಷಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ತೆಗೆಸಿದ ವಾರದಲ್ಲಿಯೇ ಅದರ ಝೆರಾಕ್ಸ್ ಪ್ರತಿ ಮಾಡಿಸಿ, ತಾರೀಖು ಬರೆದು, ರೇಷನ್ ಕಾರ್ಡಿನೊಡನೆ ಇಡಬೇಕು.